ಸುಮ್ಮರಿಟ್ 35 ಅಥವಾ 50: ಅಡುಗೆಮನೆಯ ಬೆಳಕಿಗೆ ಎಫ್ 2.5 ಸಾಕಾಗುತ್ತಾ?

ಕಾವಲಿ_ಮಾಟುಂಗಾ

ಎಲ್ಲರಿಗೂ ನಮಸ್ಕಾರ. ಲೈಕಾದ ಸುಮ್ಮರಿಟ್ ಲೆನ್ಸ್ ಕೊಳ್ಳುವ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಪೂರ್ತಿ ಓದಿ ಹೇಳಿ.

ನನ್ನ ಹತ್ತಿರ ಒಂದು ಲೈಕಾ ಎಂ6 ಇದೆ. 80ರ ದಶಕದ್ದು, ಫಿಲ್ಮ್ ಕ್ಯಾಮೆರಾ. ಚಿಕ್ಕಪ್ಪನಿಂದ ಬಂದದ್ದು. ಜೊತೆಗೆ ಬಂದ ಲೆನ್ಸ್ ಒಂದೇ, 90 ಎಂಎಂ. ಬೀದಿಯಲ್ಲಿ, ದಾದರ್ ಹೂವಿನ ಮಾರ್ಕೆಟ್‌ನಲ್ಲಿ ಅದರಿಂದ ಕೆಲಸ ನಡೆಯುತ್ತದೆ. ಮನೆಯೊಳಗೆ ನಡೆಯುವುದಿಲ್ಲ.

ನಮ್ಮ ದೊಡ್ಡಪ್ಪನ ಖಾನಾವಳಿ ಇಲ್ಲೇ ಮಾಟುಂಗಾ ಸ್ಟೇಷನ್ ಕಡೆ ಇದೆ. ಕಟ್ಟಡ ರೀಡೆವಲಪ್‌ಮೆಂಟ್‌ಗೆ ಹೋಗುತ್ತಿದೆ, ದೀಪಾವಳಿ ಆದ ಮೇಲೆ ಖಾಲಿ ಮಾಡಬೇಕು. ಮತ್ತೆ ತೆರೆಯುವ ವಯಸ್ಸು ದೊಡ್ಡಪ್ಪನಿಗಿಲ್ಲ. ಅಷ್ಟರೊಳಗೆ ಆ ಅಡುಗೆಮನೆಯನ್ನು ಫಿಲ್ಮ್‌ನಲ್ಲಿ ತೆಗೆದಿಡಬೇಕು ಅಂತ ನನ್ನ ಆಸೆ. ಬೆಳಿಗ್ಗೆ ನಾಲ್ಕೂವರೆಗೆ ಕಾವಲಿ ಹಚ್ಚುತ್ತಾರೆ. ಭಟ್ಟರು ಹಿಡಿಸೂಡಿಯಿಂದ ನೀರು ಚಿಮುಕಿಸಿದಾಗ ಚುಂಯ್ ಅಂತ ಆವಿ ಏಳುತ್ತದೆ, ಆ ಆವಿಯ ಹಿಂದೆ ಅವರ ಮುಖ ಒಂದು ಕ್ಷಣ ಮಾಯವಾಗಿ ಮತ್ತೆ ಕಾಣುತ್ತದೆ. ನನಗೆ ಬೇಕಾಗಿರುವುದು ಅದು. ಇರುವ ಬೆಳಕು ಎರಡು ಟ್ಯೂಬ್‌ಲೈಟು, ಮೇಲೆ ಒಂದು ಗಾಜಿನ ಹೆಂಚು.

ಬಜೆಟ್ 1 ಲಕ್ಷ. ಫೋರ್ಟ್‌ನ ಒಂದು ಅಂಗಡಿಯಲ್ಲಿ ಸುಮ್ಮರಿಟ್ 35 ಎಂಎಂ ಎಫ್ 2.5 ಇದೆ, 95 ಸಾವಿರ ಹೇಳಿದ್ದಾರೆ (ಎಂಎಂ ಕಡಿಮೆಯಾದಷ್ಟೂ ಚಿತ್ರ ಅಗಲ, ಎಫ್ ಅಂಕಿ ಕಡಿಮೆಯಾದಷ್ಟೂ ಒಳಗೆ ಬರುವ ಬೆಳಕು ಜಾಸ್ತಿ). ಅದೇ ಸರಣಿಯ 50 ಎಂಎಂ ಕೂಡ ಇದೆ, 88 ಸಾವಿರ. ಲೈಕಾದ್ದೇ ಹಳೆಯ ಸುಮ್ಮಿಕ್ರಾನ್ 50 ಎಫ್ 2 ಒಂದು ಇದೆ, ಆದರೆ ಒಳಗೆ ಮಸುಕು ಇದೆ ಅಂತ ಅವರೇ ಹೇಳಿದರು, ಅದಕ್ಕೆ 1 ಲಕ್ಷ 10 ಸಾವಿರ. ಇಲ್ಲದಿದ್ದರೆ ಲೈಕಾಗೆ ಕೂರುವ ಬೇರೆ ಕಂಪನಿಯ ಲೆನ್ಸ್, ಹೊಸ ಫೋಕ್ಟ್‌ಲ್ಯಾಂಡರ್ ತೆಗೆದುಕೊಳ್ಳಬೇಕು. ನೆಟ್‌ನಲ್ಲಿ ಸುಮ್ಮರಿಟ್ ಅಂದರೆ "ಬಡವರ ಲೈಕಾ" ಅಂತ ಬರೆದಿರುತ್ತಾರೆ. ಅದು ನನಗೆ ಸರಿ ಬರಲಿಲ್ಲ. ಕಡಿಮೆ ಮಾಡಿರುವುದು ಬೆಲೆಯಲ್ಲಿ ಮಾತ್ರವೋ, ಗಾಜಿನಲ್ಲಿಯೂ ಏನಾದರೂ ಕಡಿಮೆ ಮಾಡಿದ್ದಾರೋ? ಬಳಸಿದವರು ಹೇಳಿ.

ಠಾಣೆ_ಮೂವತ್ತೈದು

ಅಕ್ಕ, ಬಳಸಿದವನು ನಾನು. ಸುಮ್ಮರಿಟ್ 50 ಆರು ವರ್ಷದಿಂದ ನನ್ನ ಹತ್ತಿರ ಇದೆ.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಿ, ಯಾಕೆಂದರೆ ಹಳೆ ಸಾಮಾನಿನ ಜಾಹೀರಾತು ನೋಡುವಾಗ ಮೋಸ ಹೋಗಬಹುದು. 1949ರಲ್ಲಿ ಒಂದು ಸುಮ್ಮರಿಟ್ ಬಂದಿತ್ತು, 5 ಸೆಂಟಿಮೀಟರ್ ಎಫ್ 1.5. ಅದು ಬೇರೆಯೇ ಲೆನ್ಸ್, ಮುಂದಿನ ಗಾಜು ಮೆತ್ತಗೆ, ಒರೆಸಿ ಒರೆಸಿ ಗೀರು ಬಿದ್ದಿರುತ್ತದೆ. 1995ರ ಮಿನಿಲಕ್ಸ್ ಅನ್ನುವ ಸಣ್ಣ ಕ್ಯಾಮೆರಾದ 40 ಎಂಎಂ ಲೆನ್ಸಿಗೂ ಅದೇ ಹೆಸರು. ನೀವು ಹೇಳುತ್ತಿರುವುದು 2007ರ ಸುಮ್ಮರಿಟ್-ಎಂ. ಆಗ ನಾಲ್ಕು ಒಟ್ಟಿಗೆ ಬಂದವು: 35, 50, 75, 90. ನಾಲ್ಕೂ ಎಫ್ 2.5. 2014ರಲ್ಲಿ ಅವನ್ನೇ ತಿದ್ದಿ ಎಫ್ 2.4 ಮಾಡಿದರು.

2007ರ ಹೊತ್ತಿಗೆ ಲೈಕಾದ ಡಿಜಿಟಲ್ ಕ್ಯಾಮೆರಾ ಎಂ8 ಬಂದು ಒಂದು ವರ್ಷ ಆಗಿತ್ತು. ಬಾಡಿ ಕೊಂಡವರಿಗೆ ಲೆನ್ಸ್ ಕೊಳ್ಳಲು ಕೈಯಲ್ಲಿ ಹಣ ಉಳಿಯುತ್ತಿರಲಿಲ್ಲ. ಅವರಿಗೆ ಅಂತಲೇ ಮಾಡಿದ್ದು ಈ ಸರಣಿ. ಉಳಿತಾಯ ಎಲ್ಲಿ ಮಾಡಿದರು ಅಂದರೆ, ಬೆಳಕು ಒಳಗೆ ಬಿಡುವ ಬಾಯಿ ಸ್ವಲ್ಪ ಚಿಕ್ಕದು ಮಾಡಿದರು. ಎಫ್ 2 ಬದಲು ಎಫ್ 2.5. ಬಾಯಿ ದೊಡ್ಡದಾದಷ್ಟೂ ಅಂಚಿನಿಂದ ಬರುವ ಬೆಳಕನ್ನು ಪಳಗಿಸುವುದು ಕಷ್ಟ, ಖರ್ಚು ಜಾಸ್ತಿ. 2.5ಕ್ಕೆ ಇಳಿದ ಕೂಡಲೇ ವಿಶೇಷ ವಕ್ರದ ಅಸ್ಫೆರಿಕಲ್ ಗಾಜು ಬೇಡ, ಫೋಕಸ್ ಮಾಡುವಾಗ ಒಳಗೆ ಬೇರೆಯಾಗಿ ಚಲಿಸುವ ಭಾಗ ಬೇಡ. 50ರಲ್ಲಿ ಆರೇ ಗಾಜು, ನಾಲ್ಕು ಗುಂಪು. ಫೋಕಸ್ ರಿಂಗ್ ಮೇಲೆ ರಬ್ಬರ್ ಹಾಕಿದರು. ಅಡ್ಡ ಬೆಳಕು ತಡೆಯಲು ಮುಂದೆ ಹಾಕುವ ಹುಡ್ ಕೊಡಲಿಲ್ಲ, ಬೇರೆಯಾಗಿ ಕೊಳ್ಳಬೇಕಿತ್ತು. ಹತ್ತಿರದ ಫೋಕಸ್ 0.7 ಮೀಟರ್ ಬದಲು 0.8 ಮೀಟರ್‌ಗೆ ನಿಲ್ಲಿಸಿದರು. ಮಾಡಿದ್ದು ಮಾತ್ರ ಜರ್ಮನಿಯಲ್ಲೇ.

ಗಾಜಿನ ಗುಣದಲ್ಲಿ ನನಗೆ ಕೊರತೆ ಕಂಡಿಲ್ಲ. ಪೂರ್ತಿ ತೆರೆದಿಟ್ಟರೂ ಮಧ್ಯ ಭಾಗ ಚೊಕ್ಕ ಇರುತ್ತದೆ. ಎದುರು ಬೆಳಕಿಗೆ ನನ್ನ ಸ್ನೇಹಿತನ ಸುಮ್ಮಿಕ್ರಾನ್ 50ಕ್ಕಿಂತ ಚೆನ್ನಾಗಿ ತಡೆಯುತ್ತದೆ. ಸುಮ್ಮಿಕ್ರಾನ್ 50ರ ವಿನ್ಯಾಸ 1979ರದು, ಒಳ್ಳೆಯ ಲೆನ್ಸೇ, ಆದರೆ ಮರೀನ್ ಡ್ರೈವ್‌ನಲ್ಲಿ ಸಂಜೆ ಸೂರ್ಯ ಫ್ರೇಮಿನ ಅಂಚಿಗೆ ಬಂದರೆ ಚಿತ್ರದ ಮೇಲೆಲ್ಲ ಬಿಳಿ ಪರದೆ ಎಳೆದ ಹಾಗೆ ಆಗುತ್ತದೆ. ಟ್ಯೂಬ್‌ಲೈಟ್ ತಲೆ ಮೇಲಿರುವ ಅಡುಗೆಮನೆಯಲ್ಲಿ ಇದು ಮುಖ್ಯ. ಮಸುಕು ಇರುವ ಸುಮ್ಮಿಕ್ರಾನ್ ಅಂತೂ ಬೇಡವೇ ಬೇಡ.

ಪಿಂಪ್ರಿ_ಧಾರವಾಡ

ಅಕ್ಕಾವ್ರೇ, ನಾನು ಪುಣೆಯಿಂದ. ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಸುಮ್ಮರಿಟ್ ಒಳ್ಳೆಯ ಲೆನ್ಸ್, ಆ ಮಾತಿಗೆ ನನ್ನ ತಕರಾರಿಲ್ಲ. ಆದರೆ ನಿಮ್ಮ ಕೆಲಸ ಕತ್ತಲಲ್ಲಿ. ಎಫ್ 2ಕ್ಕೂ ಎಫ್ 2.5ಕ್ಕೂ ಮೂರನೇ ಎರಡು ಸ್ಟಾಪ್ ವ್ಯತ್ಯಾಸ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು). ಬೆಳಕಿನ ಲೆಕ್ಕದಲ್ಲಿ ಎಫ್ 2 ಸುಮಾರು ಒಂದೂವರೆ ಪಟ್ಟು ಒಳಗೆ ಬಿಡುತ್ತದೆ. ಎಫ್ 1.4 ಆದರೆ ಮೂರು ಪಟ್ಟಿಗೂ ಜಾಸ್ತಿ. ಶಟರ್ ತೆರೆದಿರುವ ಸಮಯದಲ್ಲಿ ನೋಡಿದರೆ 2.5ರಲ್ಲಿ 1/30 ಸೆಕೆಂಡು ಸಿಗುವ ಕಡೆ 1.4ರಲ್ಲಿ ಸುಮಾರು 1/100 ಸಿಗುತ್ತದೆ. ಕೈ ನಡುಗಿದ ಚಿತ್ರಕ್ಕೂ ನಿಂತ ಚಿತ್ರಕ್ಕೂ ಇರುವ ಅಂತರ ಅದು.

ಫೋಕ್ಟ್‌ಲ್ಯಾಂಡರ್ ನಾಕ್ಟನ್ 35 ಎಫ್ 1.4 ನೋಡಿ. ಜಪಾನಿನ ಕೊಸಿನಾ ಮಾಡುತ್ತದೆ. ಹೊಸದು, ವಾರಂಟಿ ಸಿಗುತ್ತದೆ, ನಿಮ್ಮ ಬಜೆಟ್ ಒಳಗೇ ಬರುತ್ತದೆ, ಫಿಲ್ಮಿಗೂ ಹಣ ಉಳಿಯುತ್ತದೆ. ಲೆನ್ಸ್ ಮೇಲೆ ಯಾವ ಹೆಸರು ಕೆತ್ತಿದೆ ಅಂತ ನಿಮ್ಮ ದೊಡ್ಡಪ್ಪನ ಫೋಟೋ ನೋಡುವವರು ಯಾರೂ ಕೇಳುವುದಿಲ್ಲ.

ವಾಸ್ಕೋ_ಕಾರವಾರ

ಗೋವಾದಿಂದ ಒಂದು ಎಚ್ಚರಿಕೆ. ಮೂರು ವರ್ಷದ ಹಿಂದೆ ನಾನು ಹಳೆ 40 ಎಂಎಂ ಸುಮ್ಮಿಕ್ರಾನ್-ಸಿ ಕೊಂಡಿದ್ದೆ. ಅದೂ ಲೈಕಾದವರು ಕಡಿಮೆ ಬೆಲೆಗೆ ಅಂತಲೇ ಮಾಡಿದ್ದು, 1973ರಲ್ಲಿ ಪುಟ್ಟ ಸಿಎಲ್ ಕ್ಯಾಮೆರಾ ಜೊತೆ ಬಂತು. ಲೆನ್ಸ್ ಚೆನ್ನಾಗಿತ್ತು. ತೊಂದರೆ ಬೇರೆ ಕಡೆ ಬಂತು. ಎಂ ಬಾಡಿಗೆ ಹಾಕಿದರೆ ವ್ಯೂಫೈಂಡರ್‌ನಲ್ಲಿ 50ರ ಚೌಕಟ್ಟು ಬರುತ್ತದೆ, ಚಿತ್ರ ಅದಕ್ಕಿಂತ ಅಗಲ ಬರುತ್ತದೆ. ಫಿಲ್ಟರ್ ಅಳತೆಯೂ ವಿಚಿತ್ರ, ಸುಲಭವಾಗಿ ಸಿಗುವುದಿಲ್ಲ.

ಅದೂ ಹೋಗಲಿ. ಮಾರಿದವರು ಗಾಜು ಚೊಕ್ಕ ಇದೆ ಅಂದಿದ್ದರು, ನಾನು ಫೋಟೋ ನೋಡಿಯೇ ಹಣ ಕಳಿಸಿದೆ. ಕೈಗೆ ಬಂದ ಮೇಲೆ ಟಾರ್ಚ್ ಹಾಕಿ ನೋಡಿದರೆ ಒಳಗೆ ಜೇಡರ ಬಲೆಯ ಹಾಗೆ ಫಂಗಸ್. ವಾಪಸ್ ತೆಗೆದುಕೊಳ್ಳಲಿಲ್ಲ. ಆ ಮಳೆಗಾಲ ಮುಗಿಯುವಷ್ಟರಲ್ಲಿ ಬಲೆ ಇನ್ನಷ್ಟು ಹರಡಿತು. ಆ ದಿನ ಆದ ಸಂಕಟ ಈಗಲೂ ನೆನಪಿದೆ.

ಅದಕ್ಕೇ ಹೇಳುತ್ತೇನೆ ಅಕ್ಕ, ಯಾವ ಲೆನ್ಸ್ ಆದರೂ ಸರಿ, ಟಾರ್ಚ್ ತೆಗೆದುಕೊಂಡು ಹೋಗಿ. ಬಾಯಿ ಪೂರ್ತಿ ತೆರೆದು ಹಿಂದಿನಿಂದ ಬೆಳಕು ಬಿಟ್ಟು, ಸ್ವಲ್ಪ ಓರೆ ಮಾಡಿ ನೋಡಿ. ನಾಲ್ಕು ಧೂಳಿನ ಕಣ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ದಾರದಂಥ ಗೆರೆ ಕಂಡರೆ ಅಲ್ಲೇ ಇಟ್ಟು ಬನ್ನಿ. ಮನೆಗೆ ತಂದ ಮೇಲೆ ಚರ್ಮದ ಚೀಲದಲ್ಲಿ ಇಡಬೇಡಿ, ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಒಂದು ಸಣ್ಣ ತೇವಾಂಶ ಮೀಟರ್. ಮುಳ್ಳು 40ರಿಂದ 50ರ ನಡುವೆ ಇರಬೇಕು. ನೀಲಿ ಹರಳು ಗುಲಾಬಿ ಆದರೆ ಬಿಸಿ ಮಾಡಿ ಮತ್ತೆ ಹಾಕಿ.

ಕಾವಲಿ_ಮಾಟುಂಗಾ

ಎಲ್ಲರಿಗೂ ಧನ್ಯವಾದ. ಪಿಂಪ್ರಿ ಅಣ್ಣ, ನಿಮ್ಮ ಮಾತು ಓದಿದ ಮೇಲೆ ಸುಮ್ನೆ ಕೂರಲು ಆಗಲಿಲ್ಲ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಎಂ6 ಹಿಡಿದುಕೊಂಡು ಹೋದೆ. ಕ್ಯಾಮೆರಾದ ಮೀಟರಿನಿಂದಲೇ ಬೆಳಕು ಅಳೆದೆ, 400 ವೇಗದ ಫಿಲ್ಮ್ ಲೆಕ್ಕಕ್ಕೆ.

ಕಾವಲಿ ಹತ್ತಿರ ಭಟ್ಟರ ಮುಖದ ಮೇಲೆ ಎಫ್ 2.5ಕ್ಕೆ 1/30. ಗ್ರೈಂಡರ್ ಮೂಲೆಯಲ್ಲಿ 1/15. ಪಾತ್ರೆ ತೊಳೆಯುವ ಜಾಗದಲ್ಲಿ 1/8, ಅಲ್ಲಿ ಯಾವ ಲೆನ್ಸ್ ಆದರೂ ಕಷ್ಟವೇ. ಆರೂವರೆ ಆದ ಮೇಲೆ ಗಾಜಿನ ಹೆಂಚಿನಿಂದ ಬೆಳಕು ಇಳಿಯಲು ಶುರುವಾಗುತ್ತದೆ, ಆಗ ಕಾವಲಿ ಹತ್ತಿರ 1/60, ಏಳಕ್ಕೆ 1/125. ಫಿಲ್ಮನ್ನು 800ಕ್ಕೆ ಪುಶ್ ಮಾಡಿದರೆ, ಅಂದರೆ 800ರದ್ದು ಅಂತ ತೆಗೆದು ಹೆಚ್ಚು ಹೊತ್ತು ತೊಳೆಸಿದರೆ, ಎಲ್ಲವೂ ಒಂದು ಸ್ಟಾಪ್ ಮೇಲೆ ಹೋಗುತ್ತದೆ, ಅಲ್ವಾ?

ಇನ್ನೊಂದು ಗಮನಿಸಿದೆ. ಅಡುಗೆಮನೆ ತುಂಬ ಇಕ್ಕಟ್ಟು. ಕಾವಲಿಗೂ ನನ್ನ ಬೆನ್ನ ಹಿಂದಿನ ಗೋಡೆಗೂ ಒಂದೂವರೆ ಮೀಟರ್ ಇದ್ದರೆ ಜಾಸ್ತಿ. 50ರ ಚೌಕಟ್ಟಿನಲ್ಲಿ ಮುಖ ಬಂದರೆ ಕೈ ಬರುವುದಿಲ್ಲ, ಕೈ ಬಂದರೆ ಕಾವಲಿ ಬರುವುದಿಲ್ಲ. ಹಾಗಾಗಿ 50 ಬಿಟ್ಟೆ, 35 ಅಂತ ತೀರ್ಮಾನ ಆಯ್ತು. ಉಳಿದದ್ದು ಸುಮ್ಮರಿಟ್ಟಾ, ನಾಕ್ಟನ್ನಾ ಅನ್ನುವುದೊಂದೇ.

ಅಂಧೇರಿ_ಲೋಕಲ್

ಮೇಡಂ, ನೀವು ಅಳೆದು ಬಂದದ್ದು ಬಹಳ ಒಳ್ಳೆಯದಾಯ್ತು. ಈಗ ಮಾತಾಡಲು ಗಟ್ಟಿ ನೆಲ ಸಿಕ್ಕಿತು.

ನಾನು ಮದುವೆ ಫೋಟೋ ತೆಗೆಯುವವನು, ದಿನಾ ಡಿಜಿಟಲ್. ನನಗಾಗಿ ಒಂದು ಎಂ9, ಲೈಕಾದ ಡಿಜಿಟಲ್ ಕ್ಯಾಮೆರಾ, ಇಟ್ಟುಕೊಂಡಿದ್ದೇನೆ. ನಿಮ್ಮ ಒಂದೂವರೆ ಮೀಟರ್ ದೂರಕ್ಕೆ ಫೋಕಸ್ ಆಳದ ಲೆಕ್ಕ ಹಾಕಿದೆ. 35 ಎಂಎಂನಲ್ಲಿ ಎಫ್ 1.4 ಇಟ್ಟರೆ ಸುಮಾರು 15 ಸೆಂಟಿಮೀಟರ್ ಆಳ ಮಾತ್ರ ಚೂಪಾಗಿರುತ್ತದೆ. ಎಫ್ 2ಕ್ಕೆ 22, ಎಫ್ 2.5ಕ್ಕೆ 27 ಸೆಂಟಿಮೀಟರ್. ಭಟ್ಟರು ಕಾವಲಿ ಮೇಲೆ ಬಗ್ಗಿ ನಿಂತಾಗ ಅವರ ಮುಖಕ್ಕೂ ಚಾಚಿದ ಕೈಗೂ ನಡುವೆ ಎಷ್ಟು ಅಂತರ ಇರುತ್ತದೆ? ಒಂದು ಗೇಣು, ಒಂದೂಕಾಲು ಗೇಣು ಇರಬಹುದು. 1.4ರಲ್ಲಿ ಮುಖ ಹಿಡಿದರೆ ಕೈ ಹೋಗುತ್ತದೆ. 2.5ರಲ್ಲಿ ಎರಡೂ ನಿಲ್ಲುತ್ತವೆ. ಅಂದರೆ ನಾಕ್ಟನ್ ಕೊಂಡರೂ ಈ ಚಿತ್ರಕ್ಕೆ ನೀವು ಅದನ್ನು 2.5ರ ಹತ್ತಿರಕ್ಕೆ ಇಳಿಸಿಯೇ ತೆಗೆಯುತ್ತೀರಿ. ತೆರೆದ ಬಾಯಿಯ ಲಾಭ ಗ್ರೈಂಡರ್ ಮೂಲೆಗೆ ಮಾತ್ರ.

ಶಟರ್ ವಿಷಯ. ನಿಮ್ಮ ಎಂ6 ಥರದ ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ಎಸ್‌ಎಲ್‌ಆರ್ ಕ್ಯಾಮೆರಾ ಥರ ಮೇಲೆ ಹಾರುವ ಕನ್ನಡಿ ಇಲ್ಲ, ಆ ಏಟು ಇಲ್ಲ. 35 ಲೆನ್ಸಿನಲ್ಲಿ 1/30 ಆರಾಮಾಗಿ ಕೈಯಲ್ಲಿ ಹಿಡಿಯಬಹುದು, ಗೋಡೆಗೆ ಒರಗಿದರೆ 1/15 ಕೂಡ. ಭಟ್ಟರ ಕೈ ಸ್ವಲ್ಪ ಅಲುಗಿದ ಹಾಗೆ ಬರುತ್ತದೆ. ದೋಸೆ ಹೊಯ್ಯುವ ಕೈ ಅಲುಗಿದರೆ ತಪ್ಪೇನು? ಅದು ನಿಜವಾಗಿ ತಿರುಗುತ್ತಿರುವ ಕೈ ಅಲ್ವಾ.

ಪಿಂಪ್ರಿ_ಧಾರವಾಡ

ಅಂಧೇರಿಯವರೇ, ಆಳದ ಲೆಕ್ಕ ಒಪ್ಪಿದೆ. ಆ ಕೋನದಿಂದ ನಾನು ಯೋಚನೆ ಮಾಡಿರಲಿಲ್ಲ. ಆದರೂ ಒಂದು ಮಾತು ಉಳಿದಿದೆ. 2.5ರಲ್ಲೇ ಕೆಲಸ ಆಗುತ್ತದೆ ಅಂದರೆ ಫೋಕ್ಟ್‌ಲ್ಯಾಂಡರ್ ಕಲರ್-ಸ್ಕೋಪಾರ್ 35 ಎಫ್ 2.5 ಇದೆಯಲ್ಲ! ಅದೇ ಅಳತೆ, ಅದೇ ಬಾಯಿ, ಇನ್ನೂ ಪುಟ್ಟದು. ಝೈಸ್ ಸಿ ಬಿಯೋಗಾನ್ 35 ಎಫ್ 2.8 ಕೂಡ ಇದೆ, ಅದು ಚೂಪಿನಲ್ಲಿ ಯಾರಿಗೂ ಕಡಿಮೆ ಇಲ್ಲ. ಸುಮ್ಮರಿಟ್ಟಿಗೆ ಕೊಡುವ ಹಣದಲ್ಲಿ ಕಲರ್-ಸ್ಕೋಪಾರ್ ಕೊಂಡು ಉಳಿದದ್ದರಲ್ಲಿ ಒಂದು ಚೀಲ ಫಿಲ್ಮ್ ತರಬಹುದು.

ಠಾಣೆ_ಮೂವತ್ತೈದು

ಇದು ನ್ಯಾಯವಾದ ಪ್ರಶ್ನೆ. ಎರಡನ್ನೂ ಕೈಯಲ್ಲಿ ಹಿಡಿದವನಾಗಿ ಹೇಳುತ್ತೇನೆ. ಕಲರ್-ಸ್ಕೋಪಾರ್ ಎಷ್ಟು ಪುಟ್ಟದು ಅಂದರೆ ಫೋಕಸ್ ರಿಂಗಿಗೂ ಬಾಯಿ ರಿಂಗಿಗೂ ಜಾಗವೇ ಸಾಲದು. ನನ್ನ ಬೆರಳಿಗೆ ಯಾವಾಗಲೂ ಒಂದು ತಿರುಗಿಸಲು ಹೋದರೆ ಇನ್ನೊಂದು ತಿರುಗುತ್ತಿತ್ತು. ಚಿತ್ರದ ಮೂಲೆಗಳು ತೆರೆದ ಬಾಯಲ್ಲಿ ಸ್ವಲ್ಪ ಕಪ್ಪಾಗುತ್ತವೆ. ಕಪ್ಪು ಬಿಳುಪಿನಲ್ಲಿ ಅದು ಚೆಂದವೇ ಕಾಣುತ್ತದೆ ಅನ್ನುವವರಿದ್ದಾರೆ. ಝೈಸ್ ಬಿಯೋಗಾನ್ ನಿಜಕ್ಕೂ ಒಳ್ಳೆಯದು, ಕಾಂಟ್ರಾಸ್ಟ್ ಮಾತ್ರ ಜೋರು, ಟ್ಯೂಬ್‌ಲೈಟ್ ಕೆಳಗಿನ ನೆರಳು ಗಪ್ಪಂತ ಕಪ್ಪಾಗಿಬಿಡುತ್ತದೆ.

ಸುಮ್ಮರಿಟ್ಟಿನಲ್ಲಿ ನನಗೆ ಹಿಡಿಸಿದ್ದು ಮಧ್ಯದ ಬೂದು ಬಣ್ಣಗಳು. ಗೋಡೆಯ ಮಸಿ, ಹಳೆ ಸ್ಟೀಲ್ ಪಾತ್ರೆ, ಬಿಳಿ ಪಂಚೆ, ಇವೆಲ್ಲ ಬೇರೆ ಬೇರೆಯಾಗಿ ಕಾಣುತ್ತವೆ. ಇದನ್ನು ಅಂಕಿಯಲ್ಲಿ ಹೇಳಲು ಬರುವುದಿಲ್ಲ, ಪ್ರಿಂಟ್ ಪಕ್ಕಪಕ್ಕ ಇಟ್ಟು ನೋಡಬೇಕು. ಅದಕ್ಕೆ ಎರಡು ಪಟ್ಟು ಹಣ ಕೊಡಬೇಕಾ ಅಂದರೆ, ಎಲ್ಲರೂ ಕೊಡಬೇಕಾಗಿಲ್ಲ. ಅಕ್ಕ ಈ ಕ್ಯಾಮೆರಾವನ್ನು ಇನ್ನು 20 ವರ್ಷ ಇಟ್ಟುಕೊಳ್ಳುತ್ತಾರೆ ಅಂತಾದರೆ ಕೊಡಬಹುದು. ಮಾರಬೇಕು ಅಂದರೂ ಹಾಕಿದ ಹಣದ ದೊಡ್ಡ ಪಾಲು ವಾಪಸ್ ಬರುತ್ತದೆ. ಹೊಸದಾಗಿ ಕೊಂಡ ಲೆನ್ಸಿಗೆ ಅಂಗಡಿ ಮೆಟ್ಟಿಲು ಇಳಿದ ಕೂಡಲೇ ಬೆಲೆ ಇಳಿಯುತ್ತದೆ.

ಒಂದು ಸಣ್ಣ ಅನುಕೂಲ. 2007ರ 35 ಮತ್ತು 50, ಎರಡಕ್ಕೂ 39 ಎಂಎಂ ಫಿಲ್ಟರ್. ಹಳೆ ಲೈಕಾ ಲೆನ್ಸ್ ಬಳಸಿದವರ ಮನೆಯಲ್ಲಿ ಆ ಅಳತೆಯ ಫಿಲ್ಟರ್ ಬಿದ್ದಿರುತ್ತದೆ. ಚಿಕ್ಕಪ್ಪನ ಪೆಟ್ಟಿಗೆ ಹುಡುಕಿ. 2014ರ ಎಫ್ 2.4 ಸರಣಿಗೆ 46 ಎಂಎಂ ಬೇಕು.

ಅಂಧೇರಿ_ಲೋಕಲ್

ಮೇಡಂ, ಈ ಶನಿವಾರ ನನಗೆ ಕೆಲಸ ಇಲ್ಲ. ಎಂ9 ತರುತ್ತೇನೆ, ಫೋರ್ಟ್‌ಗೆ ಬನ್ನಿ. ಆ ಸುಮ್ಮರಿಟ್ಟನ್ನು ನನ್ನ ಬಾಡಿಗೆ ಹಾಕಿ ಅಲ್ಲೇ ಸ್ಕ್ರೀನಿನಲ್ಲಿ ನೋಡೋಣ. ಫಿಲ್ಮ್‌ನಲ್ಲಿ ತೆಗೆದು, ತೊಳೆಸಿ, ಆಮೇಲೆ ಫೋಕಸ್ ತಪ್ಪಿದೆ ಅಂತ ಗೊತ್ತಾದರೆ ಅಂಗಡಿಯವರು ಕೇಳುವುದಿಲ್ಲ. ರೇಂಜ್‌ಫೈಂಡರ್‌ನಲ್ಲಿ ನಾವು ಲೆನ್ಸಿನ ಮೂಲಕ ನೋಡುವುದಿಲ್ಲ ಅಲ್ವಾ. ಲೆನ್ಸಿನ ಹಿಂಬದಿಯ ಅಂಚು ಬಾಡಿಯೊಳಗಿನ ಒಂದು ಪುಟ್ಟ ಗಾಲಿಯನ್ನು ಒತ್ತುತ್ತದೆ, ಅದರಿಂದ ವ್ಯೂಫೈಂಡರ್‌ನಲ್ಲಿ ಕಾಣುವ ಎರಡು ಬಿಂಬ ಕೂಡುತ್ತವೆ, ಫೋಕಸ್ ಆಯ್ತು ಅಂತ ಗೊತ್ತಾಗುತ್ತದೆ. ಕೂದಲೆಳೆಯಷ್ಟು ಸವೆದಿದ್ದರೂ ಕಣ್ಣಿಗೆ ಸರಿ ಕಂಡು ಚಿತ್ರ ತಪ್ಪಿರುತ್ತದೆ.

ಕಾವಲಿ_ಮಾಟುಂಗಾ

ಶನಿವಾರ ಹೋಗಿ ಬಂದೆವು. ಅಂಧೇರಿ ಸರ್ ಎಂ9 ಜೊತೆ ಒಂದು ಅಳತೆ ಟೇಪು, ಅವತ್ತಿನ ಕರ್ನಾಟಕ ಮಲ್ಲ ಪೇಪರು ತಂದಿದ್ದರು. ಪೇಪರನ್ನು ಕೌಂಟರ್ ಮೇಲೆ ಓರೆಯಾಗಿ ನಿಲ್ಲಿಸಿ, 0.8 ಮೀಟರ್ ಅಳೆದು, ಮಧ್ಯದ ಒಂದು ಸಾಲಿಗೆ ಫೋಕಸ್ ಮಾಡಿದರು. ಪೂರ್ತಿ ತೆರೆದ ಬಾಯಿ. ಸ್ಕ್ರೀನಿನಲ್ಲಿ ದೊಡ್ಡದು ಮಾಡಿದಾಗ ಅದೇ ಸಾಲು ನಿಂತಿತ್ತು, "ಕ್ಷ" ಅಕ್ಷರದ ಒಳಗಿನ ಸುರುಳಿ ಕೂಡ ತುಂಬಿಕೊಂಡಿರಲಿಲ್ಲ. ಮೇಲಿನ ಎರಡು ಸಾಲು, ಕೆಳಗಿನ ಎರಡು ಸಾಲು ಸಮವಾಗಿ ಮಸುಕು. ಆಮೇಲೆ ಅಂಗಡಿ ಬಾಗಿಲಿಗೆ ಬಂದು ದೂರದ ನೀರಿನ ಟ್ಯಾಂಕಿಗೆ ಇನ್‌ಫಿನಿಟಿ, ಅಂದರೆ ಅತಿ ದೂರದ ಫೋಕಸ್ ನೋಡಿದೆವು, ಎರಡು ಬಿಂಬ ಸರಿಯಾಗಿ ಕೂಡಿದವು. ವಾಸ್ಕೋ ಅಣ್ಣನ ಮಾತಿನಂತೆ ಟಾರ್ಚ್ ಹಾಕಿದೆ. ಮೂರು ನಾಲ್ಕು ಧೂಳು, ದಾರ ಇಲ್ಲ. ಬಾಯಿಯನ್ನು ಚಿಕ್ಕದು ದೊಡ್ಡದು ಮಾಡುವ ಎಲೆಗಳ ಮೇಲೆ ಎಣ್ಣೆ ಇಲ್ಲ. ರಬ್ಬರ್ ರಿಂಗ್ ಒಂದು ಕಡೆ ಸ್ವಲ್ಪ ಬಿಳಿಚಿದೆ. ಅದನ್ನು ತೋರಿಸಿ ಕೇಳಿದ್ದಕ್ಕೆ 91 ಸಾವಿರಕ್ಕೆ ಕೊಟ್ಟರು.

ಅಲ್ಲೇ ಆ ಮಸುಕಾದ ಸುಮ್ಮಿಕ್ರಾನ್ ಕೂಡ ಹಾಕಿ ನೋಡಿದೆವು. ಟ್ಯೂಬ್‌ಲೈಟ್ ಫ್ರೇಮಿನೊಳಗೆ ಬಂದಾಗ ಪೇಪರಿನ ಕಪ್ಪು ಅಕ್ಷರ ಬೂದಿ ಬಣ್ಣಕ್ಕೆ ತಿರುಗಿತು. ನೋಡಿ ಬೇಸರ ಆಯ್ತು, ಒಂದು ಕಾಲಕ್ಕೆ ಅದೂ ಚೊಕ್ಕ ಇದ್ದ ಲೆನ್ಸು.

ಪಿಂಪ್ರಿ ಅಣ್ಣ, ನಿಮ್ಮ ಮಾತು ಮರೆತಿಲ್ಲ. ಗ್ರೈಂಡರ್ ಮೂಲೆ ನನಗೆ ಈ ಲೆನ್ಸಿನಲ್ಲಿ ಸಿಗುವುದು ಏಳು ಗಂಟೆ ಮೇಲೇ. ಅದನ್ನು ಒಪ್ಪಿಕೊಂಡೇ ಕೊಂಡೆ.

ವಾಸ್ಕೋ_ಕಾರವಾರ

ಸಂತೋಷ ಆಯ್ತು ಅಕ್ಕ. ಅಡುಗೆಮನೆಯಲ್ಲಿ ಆವಿ, ಎಣ್ಣೆ ಜಿಡ್ಡು ಎರಡೂ ಇರುತ್ತದೆ. ಮುಂದೆ ಒಂದು ಯುವಿ ಫಿಲ್ಟರ್ ಇಲ್ಲದೆ ಒಳಗೆ ಹೋಗಬೇಡಿ. ಎಸಿ ರೂಮಿನಿಂದ ನೇರ ಅಲ್ಲಿಗೆ ಹೋದರೆ ಗಾಜಿನ ಮೇಲೆ ಮಂಜು ಕೂರುತ್ತದೆ. ಕ್ಯಾಮೆರಾವನ್ನು ಚೀಲದಲ್ಲೇ ಅರ್ಧ ಗಂಟೆ ಹೊರಗೆ ಇಡಿ, ಆಮೇಲೆ ತೆಗೆಯಿರಿ.

ಪಿಂಪ್ರಿ_ಧಾರವಾಡ

ಒಳ್ಳೆಯದಾಯ್ತು ಅಕ್ಕಾವ್ರೇ. ಪರೀಕ್ಷೆ ಮಾಡಿ ಕೊಂಡಿದ್ದೀರಿ, ಇನ್ನೇನು ಬೇಕು. ಮೊದಲ ರೋಲ್ ಹೇಗೆ ಬಂತು ಹೇಳಿ.

ಕಾವಲಿ_ಮಾಟುಂಗಾ

ಮೊದಲ ರೋಲ್ ತೊಳೆಸಿ ಬಂತು. 800ಕ್ಕೆ ಪುಶ್ ಮಾಡಿದೆ. 36ರಲ್ಲಿ 11 ಅಲುಗಿವೆ, ಎಲ್ಲವೂ ಐದೂವರೆಗಿಂತ ಮುಂಚಿನವು, ಗ್ರೈಂಡರ್ ಕಡೆಯವು. ಕಾವಲಿಯವು ಬಂದಿವೆ. ಒಂದರಲ್ಲಿ ಭಟ್ಟರು ನೀರು ಚಿಮುಕಿಸಿ ಹಿಂದೆ ಸರಿದ ಕ್ಷಣ. ಆವಿ ಎದೆ ಮಟ್ಟಕ್ಕೆ ಇದೆ, ಕನ್ನಡಕದ ಒಂದು ಗಾಜು ಮಂಜಾಗಿದೆ, ಇನ್ನೊಂದರಲ್ಲಿ ಟ್ಯೂಬ್‌ಲೈಟಿನ ಗೆರೆ ಕಾಣುತ್ತದೆ. ಹಿಡಿಸೂಡಿ ಹಿಡಿದ ಕೈ ಸ್ವಲ್ಪ ಅಲುಗಿದೆ, ಬೆರಳಿನ ಉಂಗುರ ಮಾತ್ರ ಚೂಪಾಗಿದೆ. ಹಿಂದಿನ ಗೋಡೆಯ ಮಸಿಯಲ್ಲಿ ಯಾರೋ ಹಿಂದೆ ಬೆರಳಿನಿಂದ ಬರೆದ ಹಾಲಿನ ಲೆಕ್ಕ ಇದೆ. ನಾನು ಅಲ್ಲಿ ಅಷ್ಟು ವರ್ಷ ಓಡಾಡಿದ್ದೇನೆ, ಅದನ್ನು ನೋಡಿಯೇ ಇರಲಿಲ್ಲ. ದೊಡ್ಡಪ್ಪ ಪ್ರಿಂಟ್ ಹತ್ತಿರ ಹಿಡಿದುಕೊಂಡು, ಇದು ನಿನ್ನ ದೊಡ್ಡಮ್ಮನ ಅಕ್ಷರ ಅಂದರು.

ಒಂದು ತೊಂದರೆ ಇದೆ. ಎರಡು ಫ್ರೇಮಿನಲ್ಲಿ ಟ್ಯೂಬ್‌ಲೈಟ್ ಓರೆಯಾಗಿ ಬಡಿದು ಮೂಲೆಯಲ್ಲಿ ಬೆಳಕಿನ ಮಚ್ಚೆ ಬಂದಿದೆ. ಹುಡ್ ಇಲ್ಲದ್ದರಿಂದ ಇರಬೇಕು, ಅಥವಾ ಚಿಕ್ಕಪ್ಪನ ಪೆಟ್ಟಿಗೆಯಲ್ಲಿ ಸಿಕ್ಕ ಹಳೆ ಯುವಿ ಫಿಲ್ಟರ್ ಕಾರಣವೋ ಏನೋ. 39 ಎಂಎಂ ಲೋಹದ ಹುಡ್ ಯಾರ ಹತ್ತಿರವಾದರೂ ಇದ್ದರೆ ಹೇಳಿ, 35ರ ಮೂಲೆ ಕತ್ತರಿಸದಂಥದ್ದು ಬೇಕು. ಬರುವ ಶನಿವಾರ ಮತ್ತೆ ಫೋರ್ಟ್‌ಗೆ ಬರುತ್ತೇನೆ.

ಠಾಣೆ_ಮೂವತ್ತೈದು

ನನ್ನ ಹತ್ತಿರ ಒಂದು ಇದೆ ಅಕ್ಕ, ಪಕ್ಕದಲ್ಲಿ ಸೀಳು ಇರುವ ಅಗಲ ಬಾಯಿಯದು. ಮೊದಲು ಫಿಲ್ಟರ್ ತೆಗೆದು ಒಂದು ಫ್ರೇಮ್ ತೆಗೆದು ನೋಡಿ, ಕೋಟಿಂಗ್ ಇಲ್ಲದ ಹಳೆ ಫಿಲ್ಟರ್ ಇದ್ದರೆ ಮಚ್ಚೆ ಅದರದ್ದೇ ಇರಬಹುದು. ಹುಡ್ ಶನಿವಾರ ತರುತ್ತೇನೆ. ದೀಪಾವಳಿ ತನಕ ಇಟ್ಟುಕೊಳ್ಳಿ.